ಗೋಡೆ ಮೇಲಿನ ನನ್ನ ಕಣ್ಣು

ಹೋದ ಭಾನುವಾರ ನಮ್ಮನೆಗೆ ಬಂದ ನೆಂಟರು ಒಂಬತ್ತು ದಿನದ ಕೂಸನ್ನ ಎತ್ತಿ, ನಡುಮನೆ ಗೋಡೆ ಮೇಲಿರೋ ಫೋಟೋ ಪಕ್ಕಕ್ಕೆ ಹಿಡಿದ್ರು. ಒಬ್ಬರಾದ ಮೇಲೆ ಒಬ್ಬರು ಬಗ್ಗಿ ನೋಡಿದ್ರು. ಎಲ್ಲರದ್ದೂ ಒಂದೇ ಮಾತು. ಕಣ್ಣು ಥೇಟ್ ಅಜ್ಜೀದೇ.

ಆ ಅಜ್ಜಿ ಸತ್ತು ಇಪ್ಪತ್ತನಾಲ್ಕು ವರ್ಷ ಆಯ್ತು. ಫೋಟೋದಲ್ಲಿರೋ ಕಣ್ಣು ಅವಳದ್ದಲ್ಲ, ನಂದು. ಬ್ಲೇಡಲ್ಲಿ ಕೊಯ್ದು ಅಂಟಿಸಿದೋಳೂ ನಾನೇ.

(ನನ್ನ ಬರಹ ತಿದ್ದಿ ಕೊಡೋಳು ಈಗ ಬಾಣಂತಿ. ಈ ವಾರ ಕಾಗುಣಿತ ತಪ್ಪಿದ್ರೆ ನೀವೇ ಸರಿ ಮಾಡ್ಕೊಂಡು ಓದ್ಕೊಳ್ಳಿ. ಎರಡನೇ ಕ್ಲಾಸು ಓದಿದೋಳಿಗೆ ಇಷ್ಟು ಬಂದಿದ್ದೇ ಹೆಚ್ಚು.)

ಮೊದಲಿಂದ ಹೇಳ್ತೀನಿ.

ಯಲಹಂಕದ ನಮ್ಮ ಹಳೇ ಮನೇಲಿ ರಾಗಿ ಕೋಣೆ ಅಂತ ಒಂದಿದೆ. ಕಿಟಕಿ ಇಲ್ಲ. ಬಾಗಿಲು ಹಾಕ್ಕೊಂಡ್ರೆ ಮಟಮಟ ಮಧ್ಯಾಹ್ನದಲ್ಲೂ ನಮ್ಮ ಕೈ ನಮಗೇ ಕಾಣಲ್ಲ. ಹೊಲ ಹೋದ ಮೇಲೆ ರಾಗಿ ಎಲ್ಲಿಂದ ಬರ್ಬೇಕು? ಖಾಲಿ ಬಿದ್ದಿತ್ತು. ಅದೇ ಹೊತ್ತಿಗೆ ಫೋಟೋ ಹುಚ್ಚಿನ ನಾಕು ಜನಕ್ಕೆ ಫೋಟೋ ತೊಳೆಯೋಕೆ ಒಂದು ಡಾರ್ಕ್ ರೂಮ್ ಬೇಕಾಗಿತ್ತು. ಬಂದು ಕೇಳಿದ್ರು. ಕೊಟ್ಟೆ.

ಪ್ರತಿ ಭಾನುವಾರ ಬೆಳಗ್ಗೆ ಬರೋರು. ಯಶವಂತಪುರದ ಬಾಷಾ ಸಾಬರು ಅವರಿಗೆಲ್ಲ ಗುರು. ಒಂದು ಕಾಲದಲ್ಲಿ ಸ್ಟುಡಿಯೋದಲ್ಲಿ ಕೂತು ನೆಗೆಟಿವ್ ತಿದ್ದುತ್ತಿದ್ರಂತೆ. ಮಿಕ್ಕವರಿಗೆ ಇದು ಬರೀ ಶೋಕಿ. ಒಬ್ಬ ಪೋಸ್ಟಾಫೀಸು, ಒಬ್ಬ ಫ್ಯಾಕ್ಟರಿ, ಒಬ್ಬಳು ಆರ್.ಟಿ. ನಗರದ ಟೀಚರ್ರು.

ಕಾಫಿ ಕೊಡೋಕೆ ಒಳಗೆ ಹೋದೋಳು ನಾನು ಅಲ್ಲೇ ಕೂತೆ. ಕೆಂಪು ಬಲ್ಬು ಉರೀತಿತ್ತು. ಬಾಷಾ ಸಾಬರು ಒಂದು ಬಿಳೀ ಕಾಗದನ ಟ್ರೇಲಿದ್ದ ಔಷಧಿ ನೀರಲ್ಲಿ ಮುಳುಗಿಸಿದ್ರು. ಏನೂ ಇಲ್ಲ. ಆಮೇಲೆ ಒಂದಿಷ್ಟು ಕೂದಲು ಬಂತು. ಹುಬ್ಬು ಬಂತು. ಎರಡು ಕರೀ ಚುಕ್ಕೆ ಬಂತು. ಮೂಗು ಬಾಯಿ ಇನ್ನೂ ಬಂದೇ ಇಲ್ಲ, ಅಷ್ಟರಲ್ಲೇ ಆ ಎರಡು ಚುಕ್ಕೆ ನೀರೊಳಗಿಂದ ನನ್ನ ನೋಡ್ತಿದ್ವು.

ನೀವಾಗಿದ್ರೆ ಎದ್ದು ಹೋಗ್ತಿದ್ರಾ? ನಾನು ಹೋಗಲಿಲ್ಲ. ಐವತ್ತೆಂಟನೇ ವಯಸ್ಸಲ್ಲಿ ಕಲಿಯೋಕೆ ಕೂತೆ.

ರಂಗೋಲಿ ಹಾಕಿದ ಕೈ, ನಡುಗ್ತಿರಲಿಲ್ಲ. ಮೊದಲು ಧೂಳಿನ ಬಿಳೀ ಚುಕ್ಕೆ ಮುಚ್ಚೋ ಕೆಲಸ ಕೊಟ್ಟರು. ಮೂರು ಕೂದಲಿನ ಬ್ರಷ್ಷು. "ಅಕ್ಕಾ, ಬ್ರಷ್ಷು ಇಡೋವಾಗ ಉಸಿರು ಬಿಡ್ಬೇಡಿ" ಅನ್ನೋರು ಬಾಷಾ ಸಾಬರು. ಆಮೇಲೆ ಮೊಡವೆ ತೆಗೆಯೋದು, ಸುಕ್ಕು ತೆಗೆಯೋದು. ಕಡೇಗೆ ಜೋಡಿಸೋದು.

ಜೋಡಿಸೋದು ದೊಡ್ಡ ವಿದ್ಯೆ ಕಣ್ರೀ. ಬೇಕಾದ ಫೋಟೋನೆಲ್ಲ ಒಂದೇ ಅಳತೆಗೆ ಪ್ರಿಂಟ್ ಹಾಕ್ಬೇಕು. ಬೇಕಾದ ತುಂಡನ್ನ ಬ್ಲೇಡಲ್ಲಿ ಕೊಯ್ಯಬೇಕು. ಆ ತುಂಡಿನ ಹಿಂಬದಿ ಅಂಚನ್ನ ಸ್ಯಾಂಡ್ ಪೇಪರಲ್ಲಿ ಉಜ್ಜಿ ಉಜ್ಜಿ ಈರುಳ್ಳಿ ಸಿಪ್ಪೆ ಥರ ಮಾಡ್ಬೇಕು. ಅಂಟಿಸಬೇಕು. ಸೇರಿದ ಗೆರೇನ ಬ್ರಷ್ಷಲ್ಲಿ ಅಳಿಸಬೇಕು. ಕಡೇಗೆ ಅದನ್ನೇ ಇನ್ನೊಂದು ಸಲ ಫೋಟೋ ಹೊಡೀಬೇಕು. ಹೊಸ ನೆಗೆಟಿವ್ ಬರುತ್ತೆ. ಅದರಲ್ಲಿ ಗಾಯದ ಗುರುತೇ ಇರಲ್ಲ.

ನಾನು ಮೊದಲು ಮಾಡಿದ್ದು ತಮಾಷೆಗೆ. ನಮ್ಮ ಯಜಮಾನ್ರನ್ನ ತಾಜ್ ಮಹಲ್ ಮುಂದೆ ನಿಲ್ಲಿಸಿದೆ. ಮನುಷ್ಯ ಹೆಬ್ಬಾಳ ದಾಟಿ ಆಚೆ ಹೋಗಿದ್ದೇ ಕಡಿಮೆ. ಫೋಟೋ ನೋಡಿ ಹೊಟ್ಟೆ ಹಿಡ್ಕೊಂಡು ನಕ್ಕರು. ಪಡಸಾಲೇಲಿ ನೇತು ಹಾಕಿದ್ರು. ಒಂದು ವರ್ಷ ಆಗಿರ್ಬೇಕು, ಯಾರೋ ಬಂದವರಿಗೆ ಹೇಳ್ತಿದ್ರು, ಆಗ್ರಾದಲ್ಲಿ ಆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತ್ರೆ ಕಾಲು ಸುಡುತ್ತೆ ಅಂತ. ನಗ್ತಾ ಹೇಳಿದ್ದಲ್ಲ. ಕಾಲು ನೋಡ್ಕೊಂಡು ಹೇಳಿದ್ದು.

ಆವತ್ತೇ ನಾನು ನಿಲ್ಲಿಸಬೇಕಾಗಿತ್ತು.

ನಮ್ಮ ಮೈದುನನ ಹೆಂಡತಿ, ಅಂದ್ರೆ ನನ್ನ ಓರಗಿತ್ತಿ, ನಂಜಮ್ಮ. ಫೋಟೋ ತೆಗೆಸಿದ್ರೆ ಆಯಸ್ಸು ಕಡಿಮೆ ಆಗುತ್ತೆ ಅಂತ ಅವಳಿಗೆ ಭಯ. ಒಂದೂ ತೆಗೆಸಲಿಲ್ಲ. ಇಪ್ಪತ್ತೆರಡಕ್ಕೇ ಹೋದಳು. ವರ್ಷ ತುಂಬದ ಮಗಳು ಸರೋಜನ ನನ್ನ ಮಡಿಲಿಗೆ ಹಾಕಿ ಮೈದುನ ಇನ್ನೊಂದು ಮದುವೆ ಮಾಡ್ಕೊಂಡು ಅಬ್ಬಿಗೆರೆ ಸೇರಿದ. ಸರೋಜನ ಬೆಳೆಸಿದ್ದು ನಾನು. ನನ್ನ ಬರಹ ತಿದ್ದೋಳೂ ಅವಳೇ.

ಎರಡು ವರ್ಷದ ಕೆಳಗೆ ಅವಳ ಮದುವೆ ಗೊತ್ತಾಯ್ತು. ಧಾರೆಗೆ ಮುಂಚೆ ಅಮ್ಮನ ಫೋಟೋಗೆ ನಮಸ್ಕಾರ ಮಾಡ್ಬೇಕು, ಒಂದು ಮಾಡಿ ಕೊಡಿ ದೊಡ್ಡಮ್ಮ ಅಂದಳು. ಅವಳಮ್ಮನ ಮುಖ ಇಡೀ ಮನೇಲಿ ಸರಿಯಾಗಿ ಗೊತ್ತಿದ್ದಿದ್ದು ನನಗೊಬ್ಬಳಿಗೇ.

ಒಪ್ಪಿಕೊಂಡೆ. ಗದ್ದ, ಬಾಯಿ ಸರೋಜಂದು. ಹಣೆ, ಮೂಗು ಅಮೃತಹಳ್ಳೀಲಿರೋ ನಂಜಮ್ಮನ ತಮ್ಮಂದು (ಮೀಸೆ ಸರೋಜನ ಬಾಯಿ ತುಂಡಿನಡಿ ಹೂತು ಹೋಯ್ತು). ಕೂದಲು ಟೀಚರ್ರದ್ದು. ಕಣ್ಣೂ ತಮ್ಮಂದೇ ಹಾಕೋಣ ಅಂತಿದ್ವಿ. ಆ ಪುಣ್ಯಾತ್ಮ ಕ್ಯಾಮೆರಾ ಕ್ಲಿಕ್ ಅಂದಾಗೆಲ್ಲ ಕಣ್ಣು ಮುಚ್ಚಿದ್ದಾನೆ. ಒಂದು ರೋಲು ಪೂರ್ತಿ. ಮದುವೆಗೆ ಮೂರು ದಿನ ಇತ್ತು.

ಬಾಷಾ ಸಾಬರು ಡಬ್ಬಿ ತಡಕಾಡಿ ಒಂದು ಫೋಟೋ ತೆಗೆದ್ರು. ಕಿಟಕಿ ಬೆಳಕಿನ ಪಾಠ ಮಾಡೋವಾಗ ಪಡಸಾಲೆ ಕಿಟಕಿ ಮುಂದೆ ನನ್ನ ಕೂರಿಸಿ ಹೊಡೆದಿದ್ದು. ಬೆಳಕು ಬಂದಿರೋ ಕಡೆ ಸರಿ ಇತ್ತು, ಅಳತೆ ಸರಿ ಇತ್ತು. "ಅಕ್ಕಾ, ನಿಮ್ದು ಸರಿಯಾಗ್ ಕೂರ್ತದೆ" ಅಂದ್ರು.

ಕೊಯ್ದೆ. ಸುಕ್ಕೆಲ್ಲ ಬ್ರಷ್ಷಲ್ಲಿ ತೆಗೆದೆ. ಅಂಟಿಸಿದೆ. ಅಲ್ಲೀ ತನಕ ಹಲಗೆ ಮೇಲಿದ್ದಿದ್ದು ಮೂರು ಜನರ ತುಂಡು. ಕಣ್ಣು ಕೂತ ತಕ್ಷಣ ಅಲ್ಲೊಬ್ಬಳು ಹೆಂಗಸು ಇದ್ದಳು. ಪಕ್ಕದಲ್ಲಿ ನನ್ನ ಫೋಟೋ, ಎರಡು ತೂತು ಬಿದ್ದು, ತೂತಲ್ಲಿ ಹಲಗೆ ಕಾಣ್ತಿತ್ತು. ಅದನ್ನ ಒಲೆಗೆ ಹಾಕೋಕೆ ಯಾಕೋ ಕೈ ಬರಲಿಲ್ಲ. ರಾಗಿ ಕೋಣೆ ಮೊಳೆಗೆ ಸಿಕ್ಕಿಸಿದೆ.

ಕಣ್ಣು ಯಾರದ್ದು ಅಂತ ಸರೋಜ ಕೇಳಿದಳು. ನಿಮ್ಮ ಸೋದರಮಾವಂದು ಅಂದೆ. ಸುಳ್ಳು.

ಮದುವೆ ದಿನ ನಂಜಮ್ಮನ ತಮ್ಮ ತನ್ನ ಮೂಗಿನ ಮುಂದೆ ತಾನೇ ನಿಂತು ಗೊಳೋ ಅಂತ ಅತ್ತ. ನಮ್ಮಕ್ಕ ಹಿಂಗೇ ನೋಡೋಳು ಅಂದ. ಊರಲ್ಲಿ ಅವಳನ್ನ ಕಂಡಿದ್ದವರೆಲ್ಲ ಹೌದು ಹೌದು ಅಂದ್ರು. ಒಬ್ಬರಾದ್ರೂ ಬೇಡ್ವಾ, ಇದು ಅವಳಲ್ಲ ಅನ್ನೋಕೆ?

ಈಗ ಕೂಸಿನ ವಿಷಯಕ್ಕೆ ಬರ್ತೀನಿ.

ಹೆರಿಗೆಗೆ ಸರೋಜ ನಮ್ಮನೆಗೇ ಬಂದಳು. ಹೆಣ್ಣು ಮಗು. ಗಂಡನ ಮನೆಯವರು ಪವಿತ್ರ ಅಂತ ಹೆಸರು ಆರಿಸಿಟ್ಟಿದ್ರು. ಭಾನುವಾರ ನೆಂಟರು ಕೂಸನ್ನ ಫೋಟೋ ಪಕ್ಕ ಹಿಡಿದಿದ್ದೇ ಹಿಡಿದಿದ್ದು, ಸರೋಜ ಹಟ ಹಿಡಿದಳು. ಅಮ್ಮನ ಕಣ್ಣು ತಗೊಂಡು ಬಂದಿದ್ದಾಳೆ, ಅಮ್ಮನ ಹೆಸರೇ ಇಡೋದು, ನಂಜಮ್ಮ.

ಬೀಗಿತ್ತಿ ನನ್ನ ಹಿತ್ತಿಲಿಗೆ ಎಳ್ಕೊಂಡು ಹೋದ್ರು. ಹೆಸರು ಹಳೇದು ಅಂತಲ್ಲ ಅವರ ಕಷ್ಟ. ಇಪ್ಪತ್ತೆರಡಕ್ಕೆ ಸತ್ತವಳ ಹೆಸರನ್ನ ಕೂಸಿಗೆ ಕಟ್ಟಬೇಡಿ ಅಂತ. "ನಿಮ್ಮ ಮಾತು ಕೇಳ್ತಾಳೆ, ಹೇಳಿ" ಅಂತ ಕೈ ಹಿಡ್ಕೊಂಡ್ರು.

ನನಗೆ ಅಂಥ ನಂಬಿಕೆ ಇಲ್ಲ. ಆದ್ರೆ ನಾನು ಅಂಟಿಸಿದ ಕಣ್ಣಿಂದ ಒಂದು ಕೂಸಿಗೆ ಹೆಸರು ಬರೋದು ನ್ಯಾಯವಾ? ನಾನು ಹೊಸಕೋಟೆ ಕಡೆಯಿಂದ ಬಂದ ಸೊಸೆ. ನನಗೂ ಈ ಕೂಸಿಗೂ ಒಂದು ಹನಿ ರಕ್ತದ ನೆಂಟಸ್ತಿಕೆ ಇಲ್ಲ.

ಮಂಗಳವಾರ ಬೆಳಗ್ಗೆ ಎಣ್ಣೆ ನೀರು ಆಗಿತ್ತು. ಕೋಣೆ ತುಂಬ ಸಾಂಬ್ರಾಣಿ ಹೊಗೆ. ತೂತಿನ ಫೋಟೋ, ಬಾಷಾ ಸಾಬರ ಭೂತಗನ್ನಡಿ, ಗೋಡೆಯಿಂದ ಇಳಿಸಿದ ನಂಜಮ್ಮ, ಮೂರನ್ನೂ ತಗೊಂಡು ಹೋಗಿ ಸರೋಜನ ಮಂಚದ ಮೇಲಿಟ್ಟೆ.

"ಆ ಕಣ್ಣು ನಿಮ್ಮಮ್ಮಂದೂ ಅಲ್ಲ, ನಿಮ್ಮ ಮಾವಂದೂ ಅಲ್ಲ ಕಣೇ. ನಂದು."

ನಕ್ಕಳು. "ಬೆಳಗ್ಗೆ ಬೆಳಗ್ಗೇನೇ ಏನ್ ದೊಡ್ಡಮ್ಮ ನಿಮ್ದು."

ತೂತಿನ ಫೋಟೋ ಕೊಟ್ಟೆ. ತೂತಲ್ಲಿ ಬೆರಳು ತೂರಿಸಿ, ಇಲಿ ತಿಂದಿದೆ ಅಂದಳು. ಇಲಿಗೆ ಬ್ಲೇಡ್ ಹಿಡಿಯೋಕೆ ಬರಲ್ಲ ಅಂದೆ. ಗದ್ದ ನಿಂದು, ಮೂಗು ಮಾವಂದು, ಅದಾದ್ರೂ ನೆನಪಿದೆಯಾ ಅಂದೆ. ಅದೆಲ್ಲ ತಿದ್ದಿದ್ದು, ಕಣ್ಣು ಅಮ್ಮಂದೇ ಅಂದಳು.

ಭೂತಗನ್ನಡಿ ಕೈಗೆ ಕೊಟ್ಟೆ. ಫೋಟೋದ ಕಣ್ಣೊಳಗೆ ಬೆಳಕಿನ ಚುಕ್ಕೆ ಇರುತ್ತಲ್ಲ, ಅಲ್ಲಿ ನೋಡು ಅಂದೆ. ಎದುರಿಗೇನಿತ್ತೋ ಅದು ಅಲ್ಲಿ ಕೂತಿರುತ್ತೆ, ಸಾಸಿವೆ ಕಾಳಷ್ಟು.

"ಕಿಟಕಿ" ಅಂದಳು.

"ಎಷ್ಟು ಸರಳು?"

"ನಾಕು."

"ನಮ್ಮ ಪಡಸಾಲೆ ಕಿಟಕಿ ಅದು. ಅದರ ಮುಂದೆ ಕೂತಿದ್ದು ನಾನು."

ತುಂಬಾ ಹೊತ್ತು ನೋಡಿದಳು. ಆಮೇಲೆ ಭೂತಗನ್ನಡಿ ಕೆಳಗಿಟ್ಟು ನಿಧಾನಕ್ಕೆ ಅಂದಳು, "ಅಮ್ಮಾನೂ ಇದೇ ಮನೇಲಿ ತಾನೇ ಇದ್ದಿದ್ದು?"

ಇದಕ್ಕೆ ಏನು ಹೇಳ್ತೀರಿ? ನಂಜಮ್ಮ ದಿನಾ ಆ ಕಿಟಕಿ ಮುಂದೇನೇ ಕೂತು ಅಕ್ಕಿ ಆರಿಸ್ತಿದ್ದಳು.

ಸರೋಜ ನನ್ನ ಮುಖ ನೋಡಿದಳು. "ಹಂಗಾದ್ರೆ ಅಮ್ಮನ ಕಣ್ಣು ಹೆಂಗಿತ್ತು, ನೀವೇ ಹೇಳಿ."

ಸಣ್ಣ ಕಣ್ಣು, ರೆಪ್ಪೆ ಕಡಿಮೆ ಅಂದಿತು ನನ್ನ ಬಾಯಿ. ಅದು ಬರೀ ಮಾತು, ಬಾಯಿಪಾಠದ ಥರ. ನಂಜಮ್ಮ ಅಕ್ಕಿ ಆರಿಸೋದು ನೆನಪು ಮಾಡ್ಕೊಂಡೆ. ಮೊರ ಬಂತು. ಕೈಯಲ್ಲಿ ಹಸಿರು ಬಳೆ ಬಂತು. ತಲೆ ಎತ್ತಿದಳು. ಫೋಟೋದ ಕಣ್ಣು. ಅವಳು ಸತ್ತ ದಿನ ನೆನೆಸ್ಕೊಂಡೆ, ಕಣ್ಣು ಮುಚ್ಚಿದ್ದು ನನ್ನ ಇದೇ ಕೈ. ಬೆರಳ ಕೆಳಗೂ ಅದೇ ಕಣ್ಣು.

ಅವಳ ನಿಜವಾದ ಮುಖ ಇದ್ದಿದ್ದು ನನ್ನ ತಲೇಲಿ ಮಾತ್ರ. ಅಲ್ಲೂ ಈಗ ಇಲ್ಲ. ಬ್ರಷ್ಷು ಹಿಡಿದು ಕೂತಿದ್ದ ಆ ಮೂರು ದಿನದಲ್ಲಿ ಯಾವಾಗಲೋ ಅಳಿಸಿದ್ದೀನಿ.

ಫೋಟೋ ತಗೊಂಡು ಹೋಗಿ ಮತ್ತೆ ಗೋಡೆಗೆ ಹಾಕಿದೆ.

ಶುಕ್ರವಾರ ನಾಮಕರಣ. ಕಿವೀಲಿ ಹೆಸರು ಹೇಳೋಕೆ ಸೋದರತ್ತೆ ಇದ್ದಳು. ಸರೋಜ ಬಿಡಲಿಲ್ಲ. ದೊಡ್ಡಮ್ಮಾನೇ ಹೇಳ್ಬೇಕು ಅಂದಳು. ಬೀಗಿತ್ತಿ ನನ್ನ ಕಡೆ ಒಂದು ನೋಟ ನೋಡಿದ್ರು. ನನಗೆ ಅರ್ಥ ಆಯ್ತು. ಕಿವೀಲಿ ಹೇಳೋದು ಯಾರಿಗೆ ಕೇಳುತ್ತೆ? ಪವಿತ್ರ ಅಂತಲೇ ಹೇಳೋದು, ಜನ ಏನಾದ್ರೂ ಕರ್ಕೊಳ್ಳಲಿ ಅಂತ ಗಟ್ಟಿ ಮಾಡ್ಕೊಂಡು ತೊಟ್ಟಿಲ ಮೇಲೆ ಬಗ್ಗಿದೆ.

ಅಲ್ಲೀ ತನಕ ಮಲಗಿದ್ದ ಕೂಸು ಕಣ್ಣು ಬಿಡ್ತು.

ಅಳಲಿಲ್ಲ. ನೋಡ್ತು. ಟ್ರೇ ನೀರೊಳಗಿಂದ ಎರಡು ಚುಕ್ಕೆ ನೋಡುತ್ತಲ್ಲ, ಮುಖ ಬರೋಕೆ ಮುಂಚೆ, ಹಾಗೆ. ತಪ್ಪು ಹೇಳ್ದೆ ಅನ್ಕೋಬೇಡಿ, ಆ ಕಣ್ಣು ನನಗೆ ಗೊತ್ತು. ಹಿಂಬದಿ ಅಂಚನ್ನ ನಾನೇ ಉಜ್ಜಿದ್ದೀನಿ.

ನನ್ನ ಬಾಯಿಂದ ಬಂದಿದ್ದು ನಂಜಮ್ಮ ಅಂತ. ಮೂರು ಸಲ.

ಬೀಗಿತ್ತಿ ಏನು ಹೇಳಿದಿರಿ ಅಂತ ಕೇಳಿದ್ರು. ಪವಿತ್ರ ಅಂದೆ. ಎರಡನೇ ಸುಳ್ಳು. ಸರೋಜ ನನ್ನ ಕಡೆ ನೋಡಿ ನಕ್ಕಳು. ಅವಳಿಗೆ ಹೇಗೆ ಗೊತ್ತಾಯ್ತೋ.

ಬಾಷಾ ಸಾಬರಿಗೆ ಇದನ್ನೆಲ್ಲ ಹೇಳಿದೆ. ನಗಲಿಲ್ಲ. ತೂತಿನ ಫೋಟೋ ಕೇಳಿ ಇಸ್ಕೊಂಡು, ಬೆಳಕಿಗೆ ಹಿಡಿದು ನೋಡಿ, "ಜೋಡಿಸೋ ಕೆಲಸ ಇನ್ನು ಸಾಕು ಅಕ್ಕಾ" ಅಂದು, ಕಾಫಿ ಕುಡೀದೆ ಎದ್ದು ಹೋದ್ರು.

ನನಗೂ ಈಗ ಬ್ರಷ್ಷಿನ ಕೆಲಸ ಆಗಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಬರೋ ಬುಧವಾರ ಆಪರೇಷನ್ನು. ಆಸ್ಪತ್ರೆ ಕಿಟಕೀಲಿ ಚೀಟಿ ಬರೆಯೋ ಹುಡುಗಿ, ಅಜ್ಜಿ, ಯಾರ ಕಣ್ಣಿಗೆ ಅಂತ ಕೇಳೇ ಕೇಳ್ತಾಳೆ.

ಯಾರ ಹೆಸರು ಬರೆಸಲಿ?