ಬಟ್ಟೆಯಕ್ಕನ ಕಲ್ಲು

ಹೋದ ವಾರ ಟ್ರಂಕಿನ ತಳದಿಂದ ಒಂದು ಬಿಳಿ ಪಂಚೆ ತೆಗೆದೆ. ನಮ್ಮ ನರಸೀಪುರದ ಪರಂಪರೆ ಕೂಟದ ವಾರ್ಷಿಕೋತ್ಸವಕ್ಕೆ ಹಳಬರೆಲ್ಲ ಪಂಚೆ ಉಟ್ಟೇ ಬರಬೇಕೆಂದು ಈಗಿನ ಹುಡುಗರು ವಾಟ್ಸಾಪಿನಲ್ಲಿ ಅಪ್ಪಣೆ ಹೊರಡಿಸಿದ್ದರು. ಮಡಿಕೆ ಬಿಡಿಸಿದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಅದರ ಹಿಂದೆಯೇ, ನಿಜವೋ ಭ್ರಮೆಯೋ, ಹಳೆಯ ಗಂಜಿಯ ಹುಳಿ ವಾಸನೆ. ಅಂಚಿನ ಮೂಲೆಯಲ್ಲಿ ಕರಿಗೇರಿನ ರಸದಿಂದ ಇಟ್ಟ ಮೂರು ಚುಕ್ಕೆ, ಕೆಳಗೊಂದು ಅಡ್ಡಗೆರೆ. ಅದು ನಮ್ಮ ಮನೆಯ ಗುರುತು. ಇಷ್ಟು ವರ್ಷವಾದರೂ ಮಾಸಿರಲಿಲ್ಲ. ಅವತ್ತು ಊಟಕ್ಕೆ ಕೂತವನು ಎರಡು ಸಲ ಎದ್ದು ಹೋಗಿ ಆ ಮೂಲೆಯನ್ನು ನೋಡಿ ಬಂದೆ.

ಆ ಗುರುತು ಹಾಕಿದವಳು ನಮ್ಮ ಬೀದಿಯ ಬಟ್ಟೆ ಒಗೆಯುತ್ತಿದ್ದ ಅಕ್ಕ. ದೊಡ್ಡವರು ಚಿಕ್ಕವರು ಎಲ್ಲರಿಗೂ ಅವಳು ಬಟ್ಟೆಯಕ್ಕ. ಕವಲಂದೆ ಕಡೆಯಿಂದ ಮದುವೆಯಾಗಿ ಬಂದವಳು, ಗಂಡನನ್ನು ಬೇಗ ಕಳೆದುಕೊಂಡವಳು. ಓದು ಬರಹ ಬಾರದು. ಆದರೆ ಬೀದಿಯ ಅಷ್ಟೂ ಮನೆಗಳಿಗೆ ಒಂದೊಂದು ಗುರುತನ್ನು ಅವಳೇ ಕಟ್ಟಿಕೊಟ್ಟಿದ್ದಳು. ಒಬ್ಬರಿಗೆ ಚುಕ್ಕೆ, ಒಬ್ಬರಿಗೆ ಕತ್ತರಿಗೆರೆ, ಮೂಲೆಮನೆಯವರಿಗೆ ಸೊನ್ನೆಯೊಳಗೊಂದು ಸೊನ್ನೆ. ಒಮ್ಮೆ ನನ್ನ ಹೆಂಡತಿ, ಇದು ನಮ್ಮ ದಿಂಬಿನ ಚೀಲವೇ ಅಲ್ಲ ಎಂದು ವಾದಕ್ಕೆ ಇಳಿದಳು. ಬಟ್ಟೆಯಕ್ಕ ಚೀಲವನ್ನು ಒಳಮಗ್ಗುಲಾಗಿ ತಿರುವಿ ಮೂರು ಚುಕ್ಕೆ ತೋರಿಸಿದಳು. ನನ್ನ ಹೆಂಡತಿ ಒಳಗೆ ಹೋಗಿ ಕಾಫಿ ತಂದುಕೊಟ್ಟಳು.

ಹೊಳೆಯ ಮೆಟ್ಟಿಲ ಪಕ್ಕದಲ್ಲಿ, ನೀರು ಮೊಣಕಾಲಿಗೆ ಬರುವ ಜಾಗದಲ್ಲಿ ಅವಳ ಕಲ್ಲಿತ್ತು. ಅವಳ ಅತ್ತೆಯ ಕಾಲದಿಂದಲೂ ಅವರ ಮನೆಯದು. ಮೇಲ್ಮೈ ಎಷ್ಟು ನುಣುಪಾಗಿತ್ತೆಂದರೆ ಹರಿದುಹೋಗುವಂಥ ಹಳೆಯ ಸೀರೆಯನ್ನೂ ಅದರ ಮೇಲೆ ಧೈರ್ಯವಾಗಿ ಒಗೆಯಬಹುದಿತ್ತು. ಆ ಕಲ್ಲಿನ ಮೇಲೆ ಅವಳು ಬೇರೆ ಯಾರನ್ನೂ ಕೂರಲು ಬಿಡುತ್ತಿರಲಿಲ್ಲ. ನನಗೆ ಮಾತ್ರ ಒಂದಿಷ್ಟು ಸಲಿಗೆ. ನನ್ನ ಹೆಂಡತಿಯ ಬಾಣಂತನದ ಬಟ್ಟೆಯನ್ನೆಲ್ಲ ಒಗೆದವಳು ಅವಳೇ ಅಲ್ಲವೇ.

ಆಗ ನಾನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ, ಹೊರಗೆ ಪರಂಪರೆ ಕೂಟದ ಕಾರ್ಯದರ್ಶಿ. ಕೂಟವೆಂದರೆ ನಾಲ್ಕಾರು ನಿವೃತ್ತರು, ಇಬ್ಬರು ಮೇಷ್ಟ್ರುಗಳು, ಒಂದು ಬ್ಯಾನರು. ಭಾನುವಾರ ಬೆಳಿಗ್ಗೆ ಊರು ಸುತ್ತಿ, ಬೋಂಡ ತಿಂದು, ನಮ್ಮ ಊರಿನ ಹಿರಿಮೆ ಯಾರಿಗೂ ಗೊತ್ತಿಲ್ಲವಲ್ಲ ಎಂದು ಕೊರಗಿ ಮನೆಗೆ ಹೋಗುತ್ತಿದ್ದೆವು. ಸಮುದ್ರದ ಪಕ್ಕದ ಊರುಗಳಿಗೆ ಅಲೆಯೇ ಸಾಕು, ಜನ ಬಂದು ಬೀಳುತ್ತಾರೆ. ನಮ್ಮಲ್ಲಿ ಎರಡು ಹೊಳೆ ಕೂಡುತ್ತವೆ, ಆದರೂ ಬಸ್ಸಿನವರು ಇಲ್ಲಿ ಟೀ ಕುಡಿದು ಮುಡುಕುತೊರೆ, ತಲಕಾಡು ಎಂದು ಮುಂದಕ್ಕೆ ಹೋಗುತ್ತಾರೆ. ನಮ್ಮದೇ ಅನ್ನುವಂಥದ್ದು ಒಂದು ಬೇಕಿತ್ತು. ನನಗಂತೂ ಅದೇ ಚಡಪಡಿಕೆ.

ಅಂಥ ದಿನಗಳಲ್ಲೇ ಒಂದು ಬೆಳಿಗ್ಗೆ ಹೊಳೆಯ ಹತ್ತಿರ ಬಟ್ಟೆಯಕ್ಕನ ಜೊತೆ ಮಾತಿಗೆ ನಿಂತೆ. ನಮ್ಮ ಕೂಟದ ವಿಷಯ ಕೇಳಿ ಅವಳು ನಕ್ಕಳು.

"ಹಳೇದು ಬೇಕಾ ನಿಂಗೆ? ಈ ಕಲ್ಲಿನ ತಳದಾಗೆ ಏನೋ ಬರ್ದದೆ ಕಣಪ್ಪ. ಅಕ್ಸರದ ಮ್ಯಾಲೆ ಒಗೀಬ್ಯಾಡ ಅಂತ ನಮ್ಮತ್ತೆ ಯೋಳಿದ್ರು. ಅದ್ಕೇ ಬೋರಲು ಆಕಿರೋದು. ಯಾರ್ಗೂ ಯೋಳ್ಬ್ಯಾಡ."

ನನ್ನ ಹೊಟ್ಟೆಯಲ್ಲಿ ಮಾತು ನಿಂತ ಚರಿತ್ರೆಯೇ ಇಲ್ಲ. ಅಂದು ಸಂಜೆಯೇ ಕೂಟದಲ್ಲಿ ಹೇಳಿಬಿಟ್ಟೆ. ಮುಂದಿನ ಭಾನುವಾರ ಹಾರೆ ಹಿಡಿದು ಆರು ಜನ ನೀರಿಗೆ ಇಳಿದೆವು. ಕಲ್ಲು ಮಗುಚಿಕೊಂಡಾಗ ಎಲ್ಲರೂ ಬಗ್ಗಿ ನೋಡಿದೆವು. ಸಾಲು ಸಾಲು ಹಳೆಗನ್ನಡದ ಅಕ್ಷರ, ನಿನ್ನೆ ಕೊರೆದ ಹಾಗೆ. ಅಷ್ಟರಲ್ಲಿ ಬಟ್ಟೆಯಕ್ಕ ಗಂಟು ಹೊತ್ತುಕೊಂಡು ಬಂದಳು. ಗಂಟನ್ನು ಇಳಿಸಲೂ ಇಲ್ಲ. ಬೇರೆಯವರ ಕಡೆ ನೋಡದೆ ನನ್ನನ್ನೇ ಕೇಳಿದಳು.

"ನೋಡ್ಕಂಡು ಮತ್ತೆ ಅಂಗೇ ಮಡಗ್ತೀರ ಅಲ್ವಾ?"

"ಮಡಗ್ತೀವಿ ಅಕ್ಕ," ಎಂದೆ.

ಮಡಗಲಿಲ್ಲ. ಮೈಸೂರಿನಿಂದ ಶಾಸನ ಓದುವವರೊಬ್ಬರು ಬಂದರು. ದಾರಿಹೋಕರಿಗೆ ನೀರು ಕೊಡುವ ಅರವಟ್ಟಿಗೆಗೆಂದು ಯಾರೋ ಒಬ್ಬ ಗೌಡ ಭೂಮಿ ಬಿಟ್ಟಿದ್ದನಂತೆ. ಕೊನೆಯಲ್ಲಿ, ಈ ಧರ್ಮವನ್ನು ಕೆಡಿಸಿದವನಿಗೆ ಪಾಪ ತಟ್ಟಲಿ ಎಂಬ ಶಾಪ. ಅದನ್ನು ಕೇಳಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಮೆಟ್ಟಿಲ ಮೇಲೆ ಕಟ್ಟೆ ಕಟ್ಟಿ, ಅಕ್ಷರ ಮೇಲೆ ಬರುವ ಹಾಗೆ ಕಲ್ಲನ್ನು ಸಿಮೆಂಟಿನಲ್ಲಿ ಕೂರಿಸಿ, ಸುತ್ತ ಸರಪಳಿ ಹಾಕಿದೆವು. ಬಟ್ಟೆಯಕ್ಕನಿಗೆ ಬೇರೆ ಚಪ್ಪಡಿ ಹಾಕಿಸಿಕೊಟ್ಟೆವು. ಅದು ಗರಗಸದ ಹಾಗಿತ್ತು. ಮೊದಲ ವಾರವೇ ಎರಡು ಸೀರೆ ತರಚಿಹೋದವು, ಅವಳು ಬೈಸಿಕೊಂಡಳು.

ಪಕ್ಕದ ಗ್ರಾನೈಟ್ ಫಲಕದ ಒಕ್ಕಣೆ ನನ್ನದು. "ನಿರ್ಲಕ್ಷ್ಯಕ್ಕೆ ಒಳಗಾಗಿ, ಬಟ್ಟೆ ಒಗೆಯುವವರ ಕೈಯಲ್ಲಿ ಹಾಳಾಗುತ್ತಿದ್ದ ಈ ಶಾಸನವನ್ನು ನಮ್ಮ ಕೂಟವು ರಕ್ಷಿಸಿತು." ಯಾರೂ ಹೀಗೆ ಬರೆ ಎಂದು ಹೇಳಿರಲಿಲ್ಲ. ಬರೆಯುವಾಗ ಓಟ ಚೆನ್ನಾಗಿದೆ ಅನ್ನಿಸಿತು, ಅಷ್ಟೇ. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಉದ್ಘಾಟನೆಯ ದಿನ ಬಟ್ಟೆಯಕ್ಕ ಗಂಜಿ ಹಾಕಿದ ಹಸಿರು ಸೀರೆ ಉಟ್ಟು ಬಂದಿದ್ದಳು. ಭಾಷಣಗಳೆಲ್ಲ ಮುಗಿದು ಜನ ಉಪ್ಪಿಟ್ಟಿನ ಕಡೆ ಹೋದ ಮೇಲೆ ನನ್ನ ತೋಳು ಹಿಡಿದಳು.

"ನನ್ ಕಲ್ಲಿನ ಇಸ್ಯ ಏನ್ ಬರ್ದಿದ್ದೀರಿ, ವಸಿ ಓದಪ್ಪ."

ಓದತೊಡಗಿದೆ. ಆ ಸಾಲು ಬಂದಾಗ ಅದನ್ನು ಹಾರಿಸಿದೆ. ಹಾರಿಸಿ ಸುಮ್ಮನಿದ್ದಿದ್ದರೂ ಆಗುತ್ತಿತ್ತು... ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. "ಈ ಶಾಸನವನ್ನು ಇಷ್ಟು ವರ್ಷ ಜೋಪಾನ ಮಾಡಿದವಳು ನಮ್ಮ ಬಟ್ಟೆಯಕ್ಕ" ಎಂದು, ಫಲಕದಲ್ಲಿ ಇಲ್ಲದ್ದನ್ನು ಇರುವ ಹಾಗೆ ಓದಿಬಿಟ್ಟೆ. ಅವಳು ಫಲಕದ ಮೇಲೆ ಕೈ ಆಡಿಸಿದಳು. ಆಮೇಲೆ ಬೀದಿಯಲ್ಲಿ ಮನೆಮನೆಗೂ ಹೇಳಿಕೊಂಡು ಬಂದಳು, "ನನ್ ಎಸ್ರು ಆಕವ್ರೆ ಹೊಳೆತಾವ" ಎಂದು. ಕೇಳಿದವರು ನಗುತ್ತ ತಲೆಯಾಡಿಸಿದರು. ಎಷ್ಟು ಜನ ಫಲಕ ಓದಿದ್ದರೋ ನನಗೆ ಗೊತ್ತಿಲ್ಲ.

ಫಲಕ ಓದಿದ್ದು ಅವಳ ಮಗಳು. ನಂಜನಗೂಡಿಗೆ ಕೊಟ್ಟಿದ್ದ ಆ ಮಗಳು ಹಬ್ಬಕ್ಕೆ ಬಂದವಳು, ಅಮ್ಮನ ಹೆಸರು ನೋಡೋಣವೆಂದು ಹೊಳೆಗೆ ಹೋದಳಂತೆ. ಮಾರನೆಯ ದಿನ ಬಟ್ಟೆಯಕ್ಕ ನಮ್ಮ ಮನೆಯ ಗಂಟು ತಂದು ಜಗಲಿಯ ಮೇಲೆ ಇಟ್ಟಳು. ಈ ಪಂಚೆ ಆ ಗಂಟಿನಲ್ಲಿತ್ತು. ಎಲ್ಲ ಬಟ್ಟೆಗೂ ಎಂದಿನಂತೆ ಗಂಜಿ, ಇಸ್ತ್ರಿ, ಒಂದು ಗೆರೆ ಆಚೀಚೆ ಇಲ್ಲ. ಜಗಳಕ್ಕೆ ಬಂದಿದ್ದಾಳೆಂದುಕೊಂಡೆ. ಜಗಳವಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಅದ್ನ ಬರ್ದೋನು ನೀನೇ ಅಂತೆ?" ಎಂದಳು.

"ಊಂ ಅಕ್ಕ."

ಗಂಟಿನ ಮೇಲೆ ಕೈಯಿಟ್ಟಳು.

"ಇಷ್ಟೊರ್ಸದಾಗೆ ಒಂದ್ ಬಟ್ಟೆ ಮ್ಯಾಲೂ ನಾನು ತಪ್ ಗುರ್ತು ಆಕಿಲ್ಲ ಕಣಪ್ಪ."

ಅಷ್ಟು ಹೇಳಿ ಹೋದಳು. ನಾನು ಚಪ್ಪಲಿ ಮೆಟ್ಟಿಕೊಂಡು ಬೀದಿಯ ಅರ್ಧದವರೆಗೆ ಹೋದೆ. ಅಲ್ಲಿಂದಲೇ ಹಿಂತಿರುಗಿದೆ. ಆ ತಿಂಗಳೇ ಅವಳು ಮಗಳ ಮನೆಗೆ ಹೊರಟುಹೋದಳು. ನಂಜನಗೂಡಿನಲ್ಲಿ ಇಸ್ತ್ರಿ ಗಾಡಿ ಇಟ್ಟಿದ್ದಾಳೆಂದು ಯಾರೋ ಹೇಳಿದರು. ಕಚೇರಿ ಕೆಲಸಕ್ಕೆ ಎಷ್ಟೋ ಸಲ ಆ ಊರಿಗೆ ಹೋದೆ. ಒಂದು ಸಲ ಅವಳ ಗಾಡಿಯಿದ್ದ ಬೀದಿಯ ತಿರುವಿನವರೆಗೂ ಹೋಗಿ, ಗಾಡಿಯ ಹಿಂದೆ ಬಗ್ಗಿದ್ದ ಬೆನ್ನು ನೋಡಿ, ಬಸ್ಸಿಗೆ ತಡವಾಯಿತೆಂದು ನನಗೆ ನಾನೇ ಹೇಳಿಕೊಂಡು ವಾಪಸು ಬಂದೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಅವಳು ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ತಿಥಿಯೂ ಮುಗಿದಿತ್ತು...

ನಿನ್ನೆ ವಾರ್ಷಿಕೋತ್ಸವ. ಅದೇ ಪಂಚೆ ಉಟ್ಟುಕೊಂಡು ಹೋದೆ. ಶಾಸನ ಸಿಕ್ಕ ಕಥೆಯನ್ನು ನೀವೇ ಹೇಳಬೇಕೆಂದು ಕೂಟದ ಈಗಿನ ಅಧ್ಯಕ್ಷ ಮೈಕನ್ನು ಕೈಗೆ ಕೊಟ್ಟ. ಬರೆದುಕೊಂಡು ಹೋಗಿದ್ದ ಹಾಳೆಯನ್ನು ಜೇಬಿನಿಂದ ತೆಗೆಯಲಿಲ್ಲ. ಫಲಕವನ್ನು ಮೊದಲಿನಿಂದ ಓದಿದೆ. ಅಂದು ಹಾರಿಸಿದ್ದ ಸಾಲನ್ನೂ ಓದಿದೆ. ಇದು ಸುಳ್ಳು, ಬರೆದವನು ನಾನೇ, ಈ ಕಲ್ಲನ್ನು ಉಳಿಸಿದ್ದು ಬಟ್ಟೆಯಕ್ಕ ಎಂದೆ. ಜನ ಚಪ್ಪಾಳೆ ತಟ್ಟಿದರು.

"ಭಾಳ ಚೆನ್ನಾಗ್ ಮಾತಾಡುದ್ರಿ ಸಾ, ಕಣ್ಣಲ್ಲಿ ನೀರೇ ಬಂತು," ಎಂದ ಅಧ್ಯಕ್ಷ.

"ಆ ಸಾಲು ತೆಗೆಸ್ರಪ್ಪ," ಎಂದೆ.

"ಗ್ರಾನೈಟು ಅಲ್ವಾ ಸಾ, ಅಳಿಸಕ್ಕಾಗಲ್ಲ. ಹೊಸದು ಮಾಡ್ಸೋದು ಮುಂದಿನ ಮೀಟಿಂಗಲ್ಲಿ ಇಡೋಣ ಬುಡಿ."

ಎಲ್ಲರೂ ತಿಂಡಿಗೆ ಹೋದ ಮೇಲೆ ಸರಪಳಿ ದಾಟಿ ಕಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತೆ. ದೇವರೆಂದುಕೊಂಡು ಯಾರುಯಾರೋ ಸುರಿದ ಎಣ್ಣೆ, ಅರಿಸಿನ, ಕುಂಕುಮ ಅಕ್ಷರಗಳಲ್ಲಿ ಮೆತ್ತಿಕೊಂಡಿತ್ತು. ಬಿಸಿಲಿಗೆ ಕಲ್ಲು ಚಕ್ಕೆ ಎದ್ದು ಮೇಲಿನ ಎರಡು ಸಾಲು ಈಗ ಇಲ್ಲವೇ ಇಲ್ಲ. ಅವಳು ಒಗೆದೊಗೆದು ನುಣುಪು ಮಾಡಿದ್ದ ಮುಖ ಸಿಮೆಂಟಿನೊಳಗೆ ಹೂತುಹೋಗಿದೆ. ಒಂದು ಮೂಲೆಯಲ್ಲಿ ಮಾತ್ರ ಸಿಮೆಂಟು ಬಿರುಕುಬಿಟ್ಟು ಒಂದು ಬೆರಳು ಹಿಡಿಯುವಷ್ಟು ಸಂದು ಆಗಿತ್ತು. ಬೆರಳು ತೂರಿಸಿ ಕಲ್ಲಿನ ಅಡಿಯನ್ನು ತಡವಿದೆ. ತಣ್ಣಗಿತ್ತು, ಇನ್ನೂ ನುಣ್ಣಗಿತ್ತು. ತಿಂಡಿಗೆ ಬನ್ನಿ ಎಂದು ಕೂಟದ ಹುಡುಗರು ಎರಡು ಸಲ ಕೂಗಿದರು. ನಾನು ಬೆರಳು ತೆಗೆಯಲಿಲ್ಲ.