ಕೇಳದ ಕಿವಿ

ಕೆಮಿಸ್ಟ್ ಕೇಶವಮೂರ್ತಿಗಳನ್ನು ನಾನು ಈಗಲೂ ಕ್ಷಮಿಸಿಲ್ಲ. ಮೋನಪ್ಪನಂತೂ ಕ್ಷಮಿಸುವ ಪೈಕಿಯೇ ಅಲ್ಲ.

೧೯೫೩ರಲ್ಲಿ ಕುರ್ಲಾದ ಒಂದು ಕೆಮಿಕಲ್ ಗೋದಾಮಿನಲ್ಲಿ ನಾನು ತಕ್ಕಡಿ ನೋಡುತ್ತಿದ್ದೆ. ಉಡುಪಿ ಕಡೆಯ ಮೋನಪ್ಪ ಅಲ್ಲಿ ಹಮಾಲ. ಮೂರ್ತಿಗಳು ಮೈಸೂರಿನವರು, ಡಿಗ್ರಿ ಪಡೆದವರು. ಒಂದು ಮಧ್ಯಾಹ್ನ ಮೋನಪ್ಪನ ಹೆಂಡತಿ ಸೇವಂತಿ ಊಟದ ಡಬ್ಬಿ ತಂದು ನಿಂತಿದ್ದಳು. ಮೋನಪ್ಪ ಒಂದು ಪೀಪಾಯಿಯ ಚೀಟಿ ಓದಿದ: ‘ಪೊ-ಟಾ-ಸಿ-ಯಂ ಪರ್-ಮ್ಯಾಂ-ಗ-ನೇಟ್’. ಎಲ್ಲ ತುಂಡಿಗೂ ಒಂದೇ ತೂಕ.

“ಏನಯ್ಯಾ, ನಾಲಿಗೇನ ಊರಲ್ಲೇ ಬಿಟ್ಟು ಬಂದ್ಯಾ? ಇನ್ನೊಂದ್ಸಲ ಹೇಳು, ನಿನ್ ಹೆಂಡ್ತೀನೂ ಕೇಳ್ಲಿ,” ಎಂದರು ಮೂರ್ತಿಗಳು. ಮತ್ತೆ ಮತ್ತೆ ಹೇಳಿಸಿದರು. ಗೋದಾಮೆಲ್ಲ ನಕ್ಕಿತು. ನಾನೂ ನಕ್ಕೆ, ದರಿದ್ರದವನು. ಸೇವಂತಿ ತಲೆ ತಗ್ಗಿಸಿಕೊಂಡು ಹೋದಳು.

ಮೋನಪ್ಪ ಹಟಕ್ಕೆ ಬಿದ್ದ. ಸಯನ್‌ನ ಚಾಳಿನಲ್ಲಿ, ಅವನಿದ್ದ ವಠಾರದಲ್ಲಿ, ಶನಿವಾರದ ಭಜನೆಗೆ ತಾಳ ಹಾಕುತ್ತಿದ್ದವನು ಅವನೇ. ಪೆಟ್ಟು ಎಲ್ಲಿ ಬೀಳುತ್ತದೆಂದು ಅವನ ಕಿವಿಗೆ ಗೊತ್ತಾಗುತ್ತಿತ್ತು. ಮೂರ್ತಿಗಳು ಫೋನಿನಲ್ಲಿ ಮಾತಾಡುವಾಗ ಕದ್ದು ಕೇಳಿ, ತೊಡೆ ತಟ್ಟಿ ಅಭ್ಯಾಸ ಮಾಡಿದ. ‘ಪರ್’ ಮೆಲ್ಲಗೆ, ‘ಮ್ಯಾಂ’ ಮೇಲೆ ಪೆಟ್ಟು, ಮಿಕ್ಕದ್ದು ಓಡಬೇಕು. ಚಾಳಿನ ಮೇಷ್ಟ್ರೊಬ್ಬರನ್ನು ಕಾಡಿಸಿ ಹೆಸರಿನ ಬಾಲಗಳನ್ನೂ ಕಲಿತ: ಸಲ್ಫೈಡಿನಲ್ಲಿ ಆಮ್ಲಜನಕವಿಲ್ಲ, ಸಲ್ಫೈಟಿನಲ್ಲಿದೆ, ಸಲ್ಫೇಟಿನಲ್ಲಿ ಇನ್ನೂ ಹೆಚ್ಚು.

ಎರಡು ವರ್ಷದ ಮೇಲೆ ಸ್ಟೋರ್‌ಕೀಪರ್ ಜಾಗ ಖಾಲಿಯಾಯಿತು, ಮೋನಪ್ಪ ಅರ್ಜಿ ಹಾಕಿದ. ಹಮಾಲನಿಗೆ ಅದು ಸಲ್ಲದು ಎಂದು ಮೂರ್ತಿಗಳು ಅಡ್ಡಗಾಲು ಹಾಕಿದರು. ಗೋದಾಮಿನ ಯಜಮಾನರಾದ ಸೇಠ್ ಇಪ್ಪತ್ತು ಬಾಟಲಿ ಇಟ್ಟು ಚೀಟಿ ಓದಿಸಿದರು. ಮೋನಪ್ಪ ಒಂದರಲ್ಲೂ ಎಡವಲಿಲ್ಲ. ಕೆಲಸ ಅವನದಾಯಿತು.

ಸ್ಟೋರಿನ ಪದ್ಧತಿ ಹೀಗಿತ್ತು: ಮಾಲು ಬೇಕಾದವರು ಕಿಟಕಿಯಲ್ಲಿ ಹೆಸರು ಗಟ್ಟಿಯಾಗಿ ಹೇಳಬೇಕು, ಸ್ಟೋರ್‌ಕೀಪರ್ ಒಪ್ಪಿದ ಮೇಲೆಯೇ ಬಾಟಲಿ. ಬಾಲ ತಪ್ಪಿದರೆ ಮಾಲೇ ಬೇರೆಯಾಗುತ್ತದಲ್ಲ. ಮೂರ್ತಿಗಳು ಬಂದು ಅಚ್ಚುಕಟ್ಟಾಗಿಯೇ ಹೇಳಿದರು.

“ಕೇಳ್ಲಿಲ್ಲ ಸಾರ್. ಇನ್ನೊಮ್ಮೆ ಹೇಳಿ ಮಾರಾಯ್ರೆ,” ಎಂದ ಮೋನಪ್ಪ.

ಮತ್ತೆ ಹೇಳಿದರು. ಮತ್ತೆ ಕೇಳಲಿಲ್ಲ. ಹಿಂದೆ ಸಾಲಿನಲ್ಲಿದ್ದ ಹಮಾಲರು ಕಿಸಕ್ಕೆಂದರು. ಇದು ದಿನವೂ ನಡೆಯಿತು, ವರ್ಷಗಟ್ಟಲೆ. ನನಗೆ ಹೊಟ್ಟೆ ತಂಪಾಗುತ್ತಿತ್ತು.

ಕೊನೆಗೊಂದು ದಿನ ಮೂರ್ತಿಗಳು ಕಿಟಕಿಗೆ ಬಾಗಿ ಪಿಸುಗುಟ್ಟಿದರು: “ಅವತ್ತು ನಿಮ್ ಮನೆಯೋರ ಮುಂದೆ ಹಾಗೆ ಮಾಡಿದ್ದು ತಪ್ಪಾಯ್ತು ಮೋನಪ್ಪನೋರೆ. ಬಿಟ್ಬಿಡಿ.”

“ಅದೂ ಕೇಳ್ಲಿಲ್ಲ. ಸ್ವಲ್ಪ ಜೋರಾಗಿ ಹೇಳಿ.”

ಮೂರ್ತಿಗಳು ಗೋದಾಮಿಗೆಲ್ಲ ಕೇಳುವಂತೆ ಹೇಳಿದರು. ಮೋನಪ್ಪ ಬಾಟಲಿ ಕೊಟ್ಟ.

ಮರುದಿನವೂ ಅವನಿಗೆ ಕಿವಿ ಕೇಳಲಿಲ್ಲ.