ಲೆಯಾರ್ಕೊನ ಸೈಲೆನ್ಸರು, ನಾನು ಬರೆದ ದೂರು

ಲೆಯಾರ್ಕೊ ಝಕೆರೀನಿಯ ಗ್ಯಾರೇಜಿಗೆ ಬೀಗ ಬಿದ್ದು ಆರು ವರ್ಷವಾಯಿತು. ನಮ್ಮ ಊರಿನ ಬಾರಿನಲ್ಲಿ ಯಾರನ್ನೇ ಕೇಳಿ, ಫಾಯೆಂಝಾ ಪಟ್ಟಣದ ಬೈಕ್ ಶೋರೂಮಿನವರು ಅವನ ಹೊಟ್ಟೆಯ ಮೇಲೆ ಹೊಡೆದರು ಎನ್ನುತ್ತಾರೆ. ಅದು ಸುಳ್ಳು. ಆ ಸುಳ್ಳನ್ನು ಮೊದಲು ಕಾಗದಕ್ಕಿಳಿಸಿದವನು ನಾನೇ. ಮೂವತ್ತೆರಡು ವರ್ಷ ಪುರಸಭೆಯಲ್ಲಿ ಜನನ ಮರಣ ಬರೆದ ಕೈ ಇದು, ಬರೆದದ್ದನ್ನು ತಿದ್ದುವ ಅಭ್ಯಾಸ ಇಲ್ಲ. ಇದೊಂದನ್ನು ತಿದ್ದಬೇಕು.

ಲೆಯಾರ್ಕೊ ಬೈಕುಗಳಿಗೆ ಸೈಲೆನ್ಸರ್ ಮಾಡುತ್ತಿದ್ದ. ಕಂಪನಿಯ ಸೈಲೆನ್ಸರು ಬೈಕಿನ ಬಾಯಿಗೆ ಬಟ್ಟೆ ತುರುಕುತ್ತದೆ ಎಂಬುದು ನಮ್ಮ ಕಡೆಯವರ ನಂಬಿಕೆ. ಹಾಗಾಗಿ ಹೊಸ ಗಾಡಿ ಕೊಂಡವರು, ನನ್ನ ಮಗಳೂ ಸೇರಿ, ಶೋರೂಮಿನಿಂದ ಸೀದಾ ಲೆಯಾರ್ಕೊನ ಹತ್ತಿರ ಬರುತ್ತಿದ್ದರು. ಅವನು ಉಕ್ಕಿನ ತಗಡು ಕತ್ತರಿಸಿ, ಬಾಗಿಸಿ, ಬೆಸುಗೆ ಹಾಕಿ, ಹದಿನೈದು ದಿನಕ್ಕೆ ಒಂದು ಮಾಡುತ್ತಿದ್ದ. ಮುಗಿದ ದಿನ ಗಾಡಿಯನ್ನು ಬಾರಿನ ಮುಂದೆ ತಂದು ಶುರು ಮಾಡಬೇಕು. ನಾವು ಇಸ್ಪೀಟು ಬೋರಲು ಹಾಕಿ ಹೊರಗೆ ಬಂದು ಕಣ್ಣು ಮುಚ್ಚಿ ಕೇಳುತ್ತಿದ್ದೆವು. ಚೆನ್ನಾಗಿದ್ದರೆ ಯಾರೂ ಮಾತಾಡದೆ ಒಳಗೆ ಹೋಗಿ ಎಲೆ ಎತ್ತಿಕೊಳ್ಳುವುದು. ಚೆನ್ನಾಗಿಲ್ಲದಿದ್ದರೆ ಯಾರಾದರೂ ಒಬ್ಬ, “ಬೆಕ್ಕಿಗೆ ನೆಗಡಿಯಾಗಿದೆ ಕಣೋ” ಎನ್ನುತ್ತಿದ್ದ. ಲೆಯಾರ್ಕೊ ಗಾಡಿ ತಳ್ಳಿಕೊಂಡು ಹೋಗಿ ಮತ್ತೆ ಬಿಚ್ಚುತ್ತಿದ್ದ.

ಅವನ ಅಡ್ಡಹೆಸರು ‘ಕಿವಿ’. ಹೆಂಡತಿ ತೀರಿಕೊಂಡಾಗ ಗೋಡೆಗೆ ಅಂಟಿಸಿದ ಸಾವಿನ ಚೀಟಿಯಲ್ಲೂ ‘ಕಿವಿಯ ಹೆಂಡತಿ’ ಎಂದೇ ಅಚ್ಚಾಗಿತ್ತು. ಇಲ್ಲದಿದ್ದರೆ ಯಾರ ಹೆಂಡತಿ ಎಂದು ಅರ್ಧ ಊರಿಗೆ ತಿಳಿಯುತ್ತಿರಲಿಲ್ಲ.

ಸೈಲೆನ್ಸರ್ ಬದಲಿಸಿದರೆ ಎಂಜಿನ್ನಿನ ಉಸಿರಾಟ ಬದಲಾಗುತ್ತದೆ. ಪೆಟ್ರೋಲು ಎಷ್ಟು, ಕಿಡಿ ಯಾವಾಗ ಎಂಬುದನ್ನು ಹೊಸದಾಗಿ ಹೊಂದಿಸಬೇಕು. ಬೇರೆಯವರು ಇದಕ್ಕೆ ಗಾಡಿಯನ್ನು ನಿಂತಲ್ಲೇ ಚಕ್ರ ತಿರುಗುವ ರೋಲರಿನ ಮೇಲೆ ಹತ್ತಿಸಿ ಕಂಪ್ಯೂಟರ್ ನೋಡುತ್ತಾರೆ. ಲೆಯಾರ್ಕೊ ಎರಡು ಸ್ಕ್ರೂ ಇರುವ ಒಂದು ಪುಟ್ಟ ಪೆಟ್ಟಿಗೆಯನ್ನು ಸೀಟಿನ ಕೆಳಗೆ ಕೂರಿಸಿ, ಗಾಡಿಯನ್ನು ಏರು ಹತ್ತಿಸಿ, ತಲೆ ವಾಲಿಸಿ, ಕೇಳುತ್ತಾ ತಿರುಗಿಸುತ್ತಿದ್ದ. ಕಿಡಿ ಬೇಗ ಬಂದರೆ, ಭಾರ ಎಳೆಯುವಾಗ ಎಂಜಿನ್ನಿನೊಳಗೆ ಸಣ್ಣ ಸದ್ದು ಹುಟ್ಟುತ್ತದೆ, ತಗಡಿನ ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸಿದ ಹಾಗೆ. ಅದು ಕೇಳಿಸುವ ತನಕ ತಿರುಗಿಸುವುದು, ಕೇಳಿಸಿದ ಮೇಲೆ ಅರ್ಧ ಸುತ್ತು ಹಿಂದಕ್ಕೆ ತರುವುದು; ತರದಿದ್ದರೆ ಎಂಜಿನ್ ಒಳಗೇ ಕರಗುತ್ತದೆ. ನಲವತ್ತು ವರ್ಷ ಅವನ ವಿದ್ಯೆಯೆಲ್ಲ ಆ ಅರ್ಧ ಸುತ್ತಿನಲ್ಲಿತ್ತು. ಕಂಪ್ಯೂಟರಿನವರನ್ನು ಕಂಡರೆ ನಮಗೆಲ್ಲ ನಗು.

ಎರ್ಮೆಸ್ ಗಾರ್ದೀನಿ ಪೀಚ್ ಹಣ್ಣಿನ ಸಹಕಾರಿ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಗಾಡಿ ಓಡಿಸುತ್ತಿದ್ದವನು. ಐವತ್ತು ವರ್ಷದವರೆಗೆ ಬರೀ ಹಳೆಯ ಗಾಡಿಗಳಲ್ಲೇ ತಿರುಗಿ, ಕೊನೆಗೊಮ್ಮೆ ಹೊಸದು ಕೊಂಡಿದ್ದ. ಲೆಯಾರ್ಕೊ ಅದಕ್ಕೊಂದು ಸೈಲೆನ್ಸರ್ ಮಾಡಿಕೊಟ್ಟ. ಬಾರಿನ ಮುಂದೆ ಕೇಳಿ ನಾವು ಯಾರೂ ಏನೂ ಹೇಳದೆ ಎಲೆ ಎತ್ತಿಕೊಂಡೆವು. ಮೂರನೆಯ ವಾರ, ಬ್ರಿಸಿಗೆಲ್ಲಾ ಊರಿನ ಮೇಲಿನ ಏರಿನಲ್ಲಿ ಎಂಜಿನ್ ಗಕ್ಕನೆ ಹಿಡಿದುಕೊಂಡಿತು. ಹಿಂದಿನ ಚಕ್ರ ನಿಂತೇ ಹೋಯಿತು. ಎರ್ಮೆಸ್ ಚರಂಡಿಗೆ ಬಿದ್ದು ಭುಜದ ಮೂಳೆ ಮುರಿದುಕೊಂಡ. ಲಾರಿ ಎದುರಿಗೆ ಬರಲಿಲ್ಲ, ಅಷ್ಟು ಪುಣ್ಯ.

ಶೋರೂಮಿನವರು ಗಾಡಿ ನೋಡಿ ಒಂದು ಸಾಲಿನ ಉತ್ತರ ಕೊಟ್ಟರು: ಹೊರಗಿನ ಸೈಲೆನ್ಸರ್, ಹೊರಗಿನ ಪೆಟ್ಟಿಗೆ, ವಾರಂಟಿ ಇಲ್ಲ.

ಬಾರು ಕೊತಕೊತ ಕುದಿಯಿತು.

“ಕೊಳ್ಳೋವಾಗ ಕಾಫಿ ಕೊಟ್ಟು ಕೂರಿಸ್ತಾರೆ. ಕೆಟ್ಟಾಗ ಹೋದ್ರೆ ನೀನು ಯಾರಪ್ಪಾ ಅಂತಾರೆ,” ಎಂದ ಎರ್ಮೆಸ್, ಪಟ್ಟಿ ಕಟ್ಟಿದ ತೋಳನ್ನು ಮೇಜಿನ ಮೇಲಿಟ್ಟು.

“ಕಿಟಕಿ ಗಾಜಿಗೆ ಸ್ಟಿಕ್ಕರ್ ಅಂಟಿಸಿದ್ರೂ ವಾರಂಟಿ ಇಲ್ಲ ಅಂತಾರೆ ಆ ನನ್ನ ಮಕ್ಳು!”

“ಬೈಕಿಗೆ ಕಿಟಕಿ ಎಲ್ಲಿದ್ಯೋ?”

“ಇದ್ದಿದ್ರೆ ಅಂದೆ!”

“ತೋನೀನೊ, ನೀನು ಗುಮಾಸ್ತ ಅಲ್ವಾ, ಬರಿ. ಉರಿಯೋ ಹಾಗೆ ಬರಿ.”

ಬರೆದೆ. ಎರಡು ಹಾಳೆ. ಕಂಪನಿಯವರು ಕಳಪೆ ಎಂಜಿನ್ ಮಾರಿ ಬಡವರ ಪ್ರಾಣದ ಜೊತೆ ಆಡುತ್ತಿದ್ದಾರೆ ಎಂದೂ, ಲೆಯಾರ್ಕೊ ಝಕೆರೀನಿ ತಪ್ಪು ಮಾಡಿದ್ದನ್ನು ಈ ಕಣಿವೆಯಲ್ಲಿ ಯಾರೂ ಕಂಡಿಲ್ಲ ಎಂದೂ ಬರೆದೆ. ಹತ್ತೊಂಬತ್ತು ಜನ ಸಹಿ ಹಾಕಿದರು. ನನಗೆ ಆ ಕಾಗದದ ಬಗ್ಗೆ ಹೆಮ್ಮೆಯಿತ್ತು, ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಏಕೆಂದರೆ ಎರಡು ವರ್ಷದಿಂದ ನನ್ನ ಕಣ್ಣಮುಂದೆ ಒಂದು ವಿಷಯ ನಡೆಯುತ್ತಲೇ ಇತ್ತು. ನಮ್ಮ ಇಸ್ಪೀಟಿನಲ್ಲಿ ಜೊತೆಗಾರನಿಗೆ ಒಂದೇ ಒಂದು ಮಾತು ಹೇಳಲು ಅವಕಾಶ. ನಾನು ಹೇಳುತ್ತಿದ್ದೆ, ನನ್ನ ಜೊತೆಗಾರ ಲೆಯಾರ್ಕೊ ಬೇರೆ ಎಲೆ ಎಸೆಯುತ್ತಿದ್ದ. ಮುದುಕನಿಗೆ ಹಠ ಜಾಸ್ತಿಯಾಯಿತು ಎಂದು ಬೈದೆ. ಕೇಳಿಸುತ್ತಿಲ್ಲವೇನೋ ಎಂದು ಒಮ್ಮೆಯೂ ತಲೆಗೆ ಹೊಳೆಯಲಿಲ್ಲ. ಅವನ ಹೆಸರೇ ಕಿವಿ, ಹೇಗೆ ಹೊಳೆಯಬೇಕು?

ಅವನು ಮಾತ್ರ ಸಹಿ ಹಾಕಲಿಲ್ಲ. “ನಾನು ಎಂಜಿನ್ ನೋಡ್ಬೇಕು,” ಎಂದಷ್ಟೇ ಹೇಳಿದ.

ಒಂದು ಶನಿವಾರ ಬೆಳಗ್ಗೆ ಎರ್ಮೆಸ್, ಲೆಯಾರ್ಕೊ, ನಾನು ಮೂವರೂ ಶೋರೂಮಿಗೆ ಹೋದೆವು. ಅಲ್ಲಿಯ ವರ್ಕ್‌ಶಾಪ್ ನೋಡಿಕೊಳ್ಳುವವಳು ಲೊರೆತ್ತಾ ಕಸಾದಿಯೊ, ನಲವತ್ತರ ಹೆಂಗಸು. ಜಗಳಕ್ಕೆಂದೇ ನಾನು ಕೋಟು ಹಾಕಿಕೊಂಡು ಹೋಗಿದ್ದೆ. ಅವಳು ಜಗಳಕ್ಕೆ ಜಾಗವೇ ಕೊಡಲಿಲ್ಲ. ಲೆಯಾರ್ಕೊನನ್ನು ಕಂಡ ಕೂಡಲೇ ಕೈ ಒರೆಸಿಕೊಂಡು ಎದ್ದು ನಿಂತಳು.

“ಬನ್ನಿ ಮೇಸ್ತ್ರಿ. ನಮ್ಮಪ್ಪನ ಗಾಡಿಗೂ ನಿಮ್ಮದೇ ಸೈಲೆನ್ಸರ್ ಇತ್ತು.”

“ಯಾವ ಗಾಡಿ?”

“ಕೆಂಪುದು. ಕೆಂಪುದು!” ಅವಳು ಅವನ ಮುಖ ನೋಡಿ ಎರಡನೆಯ ಸಲ ಗಟ್ಟಿಯಾಗಿ ಹೇಳಿದಳು. ಅವಳಿಗೆ ಒಂದು ನಿಮಿಷ ಸಾಕಾಯಿತು. ನನಗೆ ಎರಡು ವರ್ಷ ಸಾಕಾಗಿರಲಿಲ್ಲ.

ಬಿಚ್ಚಿದ ಎಂಜಿನ್ನು ಮೇಜಿನ ಮೇಲಿತ್ತು. ಲೊರೆತ್ತಾ ಪಿಸ್ಟನ್ನನ್ನು ಅವನ ಕೈಗಿಟ್ಟಳು. ಒಂದು ಅಂಚು ಕರಗಿ ತಿಂದುಹೋಗಿತ್ತು, ಮೇಲೆಲ್ಲ ಸಿಡುಬಿನ ಕಲೆ. ಲೆಯಾರ್ಕೊ ಹೆಬ್ಬೆರಳಿನಿಂದ ಆ ಅಂಚನ್ನು ಬಹಳ ಹೊತ್ತು ಸವರಿದ.

“ಕಿಡಿ ಬೇಗ ಬಂದಿದೆ,” ಎಂದ. ತನಗೆ ತಾನೇ ಹೇಳಿಕೊಂಡಂತಿತ್ತು.

“ಹೌದು ಮೇಸ್ತ್ರಿ.”

“ಪೆಟ್ರೋಲು ಕೆಟ್ಟದಿದ್ರೂ ಹೀಗಾಗತ್ತೆ,” ಎಂದೆ ನಾನು. ಪೆಟ್ರೋಲಿನ ಬಗ್ಗೆ ನನಗೇನು ಗೊತ್ತು, ಮಣ್ಣು.

ಲೆಯಾರ್ಕೊ ನನ್ನ ಕಡೆ ತಿರುಗಲಿಲ್ಲ. “ನನ್ನ ಪೆಟ್ಟಿಗೆ ಎಲ್ಲಿ? ಸ್ಕ್ರೂ ಮುಟ್ಟಿದ್ದೀಯಾ?”

“ಇಲ್ಲ. ನೀವು ಬಿಟ್ಟ ಹಾಗೇ ಇದೆ.”

“ಇದೇ ಜಾತಿ ಇನ್ನೊಂದು ಗಾಡಿಗೆ ಹಾಕು. ಇವತ್ತಿನ ಒಳ್ಳೆ ಪೆಟ್ರೋಲು ಹಾಕು. ನಾನು ಕೇಳ್ತೀನಿ. ಸದ್ದು ಬಂತೋ, ತಪ್ಪು ನಂದು. ಬರಲಿಲ್ವೋ, ಎರ್ಮೆಸ್‌ಗೆ ಹೊಸ ಎಂಜಿನ್ ಕೊಡಬೇಕು ನೀವು. ಆಯ್ತಾ?”

“ಅದು ಬೇಡ ಮೇಸ್ತ್ರಿ. ಪಿಸ್ಟನ್ ನೋಡಿದ್ರಲ್ಲ, ಸಾಕು.”

“ನನ್ನ ಕಿವಿಯಲ್ಲಿ ಕೇಳ್ಬೇಕು ನಾನು.”

ಲೊರೆತ್ತಾ ನನ್ನನ್ನು ನೋಡಿದಳು, ನೀವಾದರೂ ತಡೆಯಿರಿ ಎನ್ನುವ ಹಾಗೆ. ನಾನು ಗೆಲ್ಲುತ್ತೇವೆಂದುಕೊಂಡು ಎದೆ ಸೆಟೆದು ನಿಂತಿದ್ದೆ.

ಗ್ರಾಹಕರಿಗೆ ಓಡಿಸಲು ಕೊಡುವ ಗಾಡಿಯೊಂದನ್ನು ತಂದು ರೋಲರಿನ ಮೇಲೆ ಕಟ್ಟಿದರು. ಲೆಯಾರ್ಕೊನ ಸೈಲೆನ್ಸರು, ಅವನ ಪೆಟ್ಟಿಗೆ ಎರಡನ್ನೂ ಹಾಕಿದರು. ಅವನು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ತಲೆ ವಾಲಿಸಿ, ಕಣ್ಣು ಮುಚ್ಚಿದ. ಲೊರೆತ್ತಾ ಗೇರು ಹಾಕಿ, ಏರು ಹತ್ತುವಾಗಿನ ಭಾರವನ್ನು ರೋಲರಿಗೆ ಕೊಟ್ಟು, ನಿಧಾನಕ್ಕೆ ಆಕ್ಸಿಲರೇಟರ್ ತಿರುಗಿಸಿದಳು.

ಸೈಲೆನ್ಸರಿನ ದನಿ ಎಷ್ಟು ಚೆನ್ನಾಗಿತ್ತೆಂದರೆ ಮೊದಲು ನನಗೆ ಅದೊಂದೇ ಕೇಳಿಸಿತು. ಆಮೇಲೆ ಅದರ ಒಳಗಿನಿಂದ ಮೊಳೆಗಳು. ಸಂಶಯಕ್ಕೆ ಎಡೆಯೇ ಇರಲಿಲ್ಲ. ಎರ್ಮೆಸ್ ಪಟ್ಟಿ ಕಟ್ಟಿದ ತೋಳನ್ನು ಎದೆಗೆ ಅವುಚಿಕೊಂಡು ನೆಲ ನೋಡತೊಡಗಿದ. ಲೆಯಾರ್ಕೊ ಕಣ್ಣು ಮುಚ್ಚಿಕೊಂಡೇ ಬೆರಳಾಡಿಸಿ ಇನ್ನೂ ತಿರುಗಿಸು, ಇನ್ನೂ ತಿರುಗಿಸು ಎಂದು ಸನ್ನೆ ಮಾಡುತ್ತಿದ್ದ. ಮುಖದ ಬಿಗಿ ಸಡಿಲವಾಗುತ್ತಿತ್ತು. ತಪ್ಪು ತನ್ನದಲ್ಲ ಎಂದು ಅವನಿಗೆ ನಂಬಿಕೆ ಬರುತ್ತಿತ್ತು. ಅದನ್ನು ನೋಡಲು ನನ್ನಿಂದಾಗಲಿಲ್ಲ.

ಲೊರೆತ್ತಾ ಎಂಜಿನ್ ಆರಿಸಿದಳು.

“ಯಾಕಮ್ಮಾ ಆರಿಸಿದೆ? ಎಲ್ಲಿ, ಏನೂ ಬರಲಿಲ್ವಲ್ಲ.”

ಅವನು ಕಣ್ಣು ಬಿಟ್ಟು ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದ.

“ತೋನೀನೊ. ಬಂತಾ?”

“ಬಂತು,” ಎಂದೆ.

“ಯಾವಾಗಿಂದ?”

“ಮೊದಲಿಂದಾನೂ ಬರ್ತಿತ್ತು ಮೇಸ್ತ್ರಿ,” ಎಂದಳು ಲೊರೆತ್ತಾ.

ಅವನು ಏಳಲು ಹೋಗಿ ಆಗದೆ ಗಾಡಿಯ ಸೀಟು ಹಿಡಿದುಕೊಂಡ. ಎರ್ಮೆಸ್ ಒಳ್ಳೆಯ ಕೈಯಿಂದ ಎಬ್ಬಿಸಿದ. “ಹೋಗ್ಲಿ ಬಿಡು ಲೆಯಾರ್ಕೊ, ಎಂಜಿನ್ ತಾನೇ,” ಎಂದ. ಆ ಮಾತಿಗಾಗಿ ಎರ್ಮೆಸ್‌ನ ಮೇಲೆ ನನಗೆ ಈಗಲೂ ಗೌರವವಿದೆ. ಆದರೆ ಲೆಯಾರ್ಕೊ ಅದನ್ನು ಕೇಳಿಸಿಕೊಳ್ಳಲಿಲ್ಲ, ಅವನ ತುಟಿ ಏನನ್ನೋ ಎಣಿಸುತ್ತಿತ್ತು.

“ಇಸ್ಪೀಟಲ್ಲಿ ನೀನು ನನ್ನ ಬೈಯೋಕೆ ಶುರು ಮಾಡಿ ಎರಡು ವರ್ಷ,” ಎಂದ. “ಎರಡು ವರ್ಷದಲ್ಲಿ ಎಷ್ಟು ಗಾಡಿ ಮಾಡಿದೀನಿ ನಾನು? ಎಲ್ಲಾ ಆ ಏರಲ್ಲೇ ಓಡಾಡ್ತವೆ. ತೋನೀನೊ, ಕಾಗದ ತೆಗಿ. ನಾನು ಹೆಸರು ಹೇಳ್ತೀನಿ, ಬರ್ಕೊ.”

ನಾನು ಕೋಟಿನ ಜೇಬಿಗೆ ಕೈ ಹಾಕಿದೆ.

“ಮೊದಲು ಬರೀಬೇಡ, ಫೋನ್ ಮಾಡು,” ಎಂದ. “ಮೊದಲನೇದು ನಿನ್ನ ಮಗಳ ಗಾಡಿ.”